ಮಾವನವರು ಕಂಬಕ್ಕೆ ಹೇಳಿದ ಮಾತುಗಳು

ನನ್ನ ಮಾವನವರ ಪಾದಗಳನ್ನು ಜಾತ್ರೆಯಷ್ಟು ಜನರ ನಡುವೆ ಇಟ್ಟರೂ ನಾನು ಗುರುತಿಸಬಲ್ಲೆ. ಎಡಗಾಲಿನ ಹೆಬ್ಬೆರಳ ಉಗುರು ದಪ್ಪ, ಹಳದಿ. ಸಾಂಗ್ಲಿಯಲ್ಲಿ ರೈತರ ಅರಿಸಿನ ಮಾರಿಸಿಕೊಡುವ ಅಡತಿ ಅಂಗಡಿ ಇಟ್ಟವರ ಉಗುರು ಬೇರೆ ಬಣ್ಣಕ್ಕೆ ತಿರುಗುವ ಪ್ರಶ್ನೆಯೂ ಇಲ್ಲ. ಹಿಮ್ಮಡಿ ಒಡೆದಿದೆ. ಬಲಗಾಲಿನ ಕಿರುಬೆರಳು ಪಕ್ಕದ ಬೆರಳಿನ ಮೇಲೆ ಕೊಂಚ ಹತ್ತಿ ಕೂತಿದೆ. ಮುಖ ಹೇಗಿದೆ ಎಂದು ಕೇಳಿದರೆ ಮಾತ್ರ ನಾನು ಪಡಸಾಲೆಗೆ ಹೋಗಿ ಗೋಡೆಯ ಮೇಲಿನ ಫೋಟೋ ನೋಡಿ ಬಂದು ಹೇಳಬೇಕಾಗಿತ್ತು. ಅದು ಅವರ ಮದುವೆ ಕಾಲದ ಫೋಟೋ, ಮೀಸೆ ಕಪ್ಪಗಿದೆ. ಫೋಟೋವನ್ನು ಎಷ್ಟು ಹೊತ್ತು ಬೇಕಾದರೂ ನೋಡಬಹುದು, ಅದು ತಿರುಗಿ ನೋಡುವುದಿಲ್ಲ.

ಮಾವನ ಕಣ್ಣಿಗೆ ಕಣ್ಣು ಕೊಡಬಾರದು ಎಂದು ನನಗೆ ಯಾರೂ ಕೂರಿಸಿ ಹೇಳಿಕೊಟ್ಟದ್ದಲ್ಲ. ಮೀರಜ ಹತ್ತಿರದ ಬೇಡಗ ಎಂಬ ಊರಿನ ನನ್ನ ತವರಿನಲ್ಲಿ ಅವ್ವನೂ ಅದನ್ನೇ ಮಾಡುತ್ತಿದ್ದಳು, ಅತ್ತಿಗೆಯೂ ಅದನ್ನೇ ಮಾಡುತ್ತಿದ್ದಳು. ಹೆಣ್ಣು ನೋಡಲು ಬಂದ ದಿನ ಮಾವನವರು ನನ್ನನ್ನು ಒಮ್ಮೆ ನೋಡಿದ್ದರು. ವ್ಯಾಪಾರಸ್ಥರ ನೋಟ ಅದು, ಚೊಕ್ಕದಾಗಿ, ಬೇಗ ಮುಗಿಯಿತು. ಆಮೇಲೆ ನಾನು ಸೊಸೆಯಾದೆ, ತಲೆಯ ಮೇಲೆ ಸೆರಗು ಬಂತು, ಅವರ ಕಣ್ಣು ನನ್ನ ಕಡೆ ತಿರುಗುವುದು ನಿಂತಿತು. ನನ್ನ ಕಣ್ಣು ಅವರ ಪಾದಕ್ಕೆ ಇಳಿಯಿತು. ಇದರಲ್ಲಿ ಮುನಿಸಿಲ್ಲ, ಭಯವೂ ಹೆಚ್ಚಿಲ್ಲ. ಮರ್ಯಾದೆ ಎಂದರೆ ನಮ್ಮಲ್ಲಿ ಇಷ್ಟೇ: ಒಂದೇ ಮನೆಯಲ್ಲಿದ್ದು ಒಬ್ಬರನ್ನೊಬ್ಬರು ಕಾಣದಿರುವುದು.

ಅತ್ತೆ ಇದ್ದಾಗ ಈ ವ್ಯವಸ್ಥೆ ಸಲೀಸಾಗಿ ನಡೆಯಿತು. ಮಾವನವರು "ಅಕಿಗೆ ಹೇಳು, ಸಾರಿಗೆ ಉಪ್ಪ ಕಡಿಮಿ ಆಗೇತಿ" ಎಂದು ಅತ್ತೆಗೆ ಹೇಳುವರು. ನಾನು ಅಲ್ಲೇ ಎರಡು ಮಾರು ದೂರದಲ್ಲಿ ರೊಟ್ಟಿ ಬಡಿಯುತ್ತಿರುವೆ. ಅತ್ತೆ ತಿರುಗಿ ನನಗೆ "ಉಪ್ಪ ಕಡಿಮಿ ಆಗೇತಂತ" ಎನ್ನುವರು. ನಾನು ಅತ್ತೆಗೆ "ಹೂಂ ರೀ" ಎನ್ನುವೆ. ಅತ್ತೆ ಅವರಿಗೆ "ಹೂಂ ಅಂತ" ಎನ್ನುವರು. ಅಷ್ಟರಲ್ಲಿ ಸಾರು ಮುಗಿದಿರುತ್ತಿತ್ತು.

ಅತ್ತೆ ತೀರಿಕೊಂಡ ಮೇಲೆ ಈ ದಾರಿ ಮುಚ್ಚಿತು. ನನ್ನ ಗಂಡ ಬೆಳಿಗ್ಗೆಯೇ ಅಂಗಡಿಗೆ ಹೋಗುವವರು, ಮಧ್ಯಸ್ಥಿಕೆಗೆ ಸಿಗುವವರಲ್ಲ. ಮಾವನವರು ಸ್ವಲ್ಪ ದಿನ ಗಾಳಿಯೊಂದಿಗೆ ಮಾತಾಡಿ ನೋಡಿದರು. ಆಮೇಲೆ ಅವರಿಗೆ ಕಂಬ ಸಿಕ್ಕಿತು. ಪಡಸಾಲೆಗೂ ಅಡುಗೆಮನೆಗೂ ನಡುವೆ ನಿಂತಿರುವ ಸಾಗವಾನಿ ಕಂಬ ಅದು, ಮಹಾಪೂರದ ನೀರು ನಿಂತ ಗೆರೆ ಇನ್ನೂ ಅದರ ಮೇಲಿದೆ. ಮಾವನವರು ಆ ಗೆರೆಯ ಮೇಲೆ ಕಣ್ಣಿಟ್ಟು "ಚಹಾ ಆಗೇತೇನು?" ಎಂದು ಕೇಳುವರು. ನಾನು ಕಂಬದ ಈಚೆ ನಿಂತು ಅವರ ಪಾದಗಳಿಗೆ "ಆಗೇತ್ರಿ" ಎಂದು ಹೇಳುವೆ. ಕಂಬ ಅತ್ತೆಗಿಂತ ಕಡಿಮೆ ಮಾತಿನದು. ಹಾಗಾಗಿ ಕೆಲಸ ಬೇಗ ಆಗತೊಡಗಿತು.

ಮಾವನವರು ಕಣ್ಣು ತಪ್ಪಿಸುವ ಸ್ವಭಾವದವರು ಎಂದುಕೊಳ್ಳಬೇಡಿ. ಪೇಟೆಯಲ್ಲಿ ಅವರ ಹೆಸರಿದ್ದದ್ದೇ ನೋಟಕ್ಕೆ. ಹಿಂದೆ ಅರಿಸಿನದ ಸವಾಲಿನಲ್ಲಿ, ಅಂದರೆ ಹರಾಜಿನಲ್ಲಿ, ಕೊಳ್ಳುವವನೂ ಮಾರಿಸುವವನೂ ಕೈ ಹಿಡಿದುಕೊಂಡು ಮೇಲೆ ಟವೆಲ್ ಹಾಕುತ್ತಿದ್ದರು. ಒಳಗೆ ಬೆರಳುಗಳು ದರ ಮಾತಾಡುತ್ತಿದ್ದವು. ಹೊರಗೆ ಬಾಯಿ ಮುಚ್ಚಿರಬೇಕು, ಮುಖ ಕಲ್ಲಾಗಿರಬೇಕು, ಕಣ್ಣು ಮಾತ್ರ ಎದುರಿನವನ ಕಣ್ಣಿನಲ್ಲಿರಬೇಕು. ಅವನು ದರದಲ್ಲಿ ಇನ್ನೂ ಏರುತ್ತಾನೋ ಇಲ್ಲಿಗೆ ನಿಲ್ಲುತ್ತಾನೋ ಎಂಬುದು ಅಲ್ಲಿ ತಿಳಿಯುತ್ತದಂತೆ. ಈ ಸಂಗತಿಯನ್ನು ನನಗೆ ಗಂಡ ಹೇಳಿದ್ದರು. ಮನೆಯಲ್ಲಿ ಮಾವನವರು ಕಣ್ಣಿಟ್ಟು ನೋಡುತ್ತಿದ್ದದ್ದು ಒಂದನ್ನೇ. ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಎಡ ಅಂಗೈ ಮೇಲೆ ಇಷ್ಟಲಿಂಗ ಇಟ್ಟುಕೊಂಡು ಅದನ್ನೇ ನೋಡುತ್ತ ಕೂರುವರು. ಆಗ ರೆಪ್ಪೆ ಕೂಡ ಬಡಿಯುತ್ತಿರಲಿಲ್ಲ ಎಂದು ಅತ್ತೆ ಹೇಳುತ್ತಿದ್ದರು. ನಾನು ನೋಡಿದ್ದಿಲ್ಲ.

ಕಣ್ಣಿನ ವ್ಯವಹಾರ ನನಗೂ ಗೊತ್ತಿಲ್ಲವೆಂದಲ್ಲ. ಮೀರಜ ಸ್ಟೇಷನ್ನಿನ ಹೊರಗೆ ರಿಕ್ಷಾದವನ ಕಣ್ಣಿಗೆ ಒಮ್ಮೆ ಬಿದ್ದರೆ ಮುಗಿಯಿತು, ನೀವು ಅವನ ಸವಾರಿ. ಭಾಜಿ ಮಂಡಿಯಲ್ಲಿ ಮೆಂತ್ಯೆ ಮಾರುವವಳ ಕಣ್ಣು ಸಿಕ್ಕರೆ ಮೆಂತ್ಯೆ ತಂದೇ ತರಬೇಕು, ಮನೆಯಲ್ಲಿ ನಿನ್ನೆಯ ಮೆಂತ್ಯೆ ಬಾಡುತ್ತ ಬಿದ್ದಿದ್ದರೂ. ಶೇರ್ ರಿಕ್ಷಾದಲ್ಲಿ ಮಾತ್ರ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತ ನಾವೆಲ್ಲ ಪರಸ್ಪರ ಇಲ್ಲವೇ ಇಲ್ಲ ಎಂಬಂತೆ ಹೊರಗೆ ನೋಡುತ್ತೇವೆ. ಬೀದಿಯಲ್ಲಿ ಯಾರ ಕಣ್ಣು ಸಿಕ್ಕರೂ ನಮ್ಮ ಬಾಯಿಂದ ಮೊದಲು ಮರಾಠಿ ಬರುತ್ತದೆ. ಎದುರಿನ ಕಣ್ಣು ಸ್ವಲ್ಪ ಸಡಿಲಾದರೆ ಇವಳೂ ನಮ್ಮವಳೇ ಎಂದು ತಿಳಿದು ಕನ್ನಡಕ್ಕೆ ಇಳಿಯುತ್ತೇವೆ. ಇಷ್ಟೆಲ್ಲ ಪಳಗಿದ ನಾನು ಮನೆಯೊಳಗೆ ಒಂದು ಜೊತೆ ಕಣ್ಣನ್ನು ಪೂರಾ ಬಿಟ್ಟುಬಿಟ್ಟಿದ್ದೆ.

ಆದದ್ದು ಇಷ್ಟು. ಮಾವನವರ ಕಣ್ಣಿನಲ್ಲಿ ಪೊರೆ ಬಂತು. ಬಂದದ್ದು ಬೆಳೆಯಿತು. ಮನೆಯಲ್ಲಿ ಯಾರಿಗೂ ತಿಳಿಯಲಿಲ್ಲ.

ತಿಳಿಯುವುದು ಹೇಗೆ? ಬೇರೆ ಮನೆಯಲ್ಲಿ ಮುದುಕರು ಕಂಬದ ಜೊತೆ ಮಾತಾಡಿದರೆ ಗಾಬರಿಯಾಗುತ್ತಾರೆ. ನಮ್ಮ ಮನೆಯಲ್ಲಿ ಅದು ಶಿಷ್ಟಾಚಾರ. ನಾನು ಹಿತ್ತಲಲ್ಲಿ ಇದ್ದಾಗಲೂ ಅವರು ಕಂಬಕ್ಕೆ ಚಹಾ ಕೇಳಿದರು. ನನಗೆ ಕೇಳಿಸಿತು, ತಂದು ಕೊಟ್ಟೆ. ಒಂದು ದಿನ ಅಂಗಳದ ಹಗ್ಗದ ಮೇಲೆ ಒಣಹಾಕಿದ್ದ ನನ್ನ ಹಸಿರು ಸೀರೆಗೆ ತಿಳಿಸಿದರು, "ಹಾಲಿನಾಂವ ಬಂದಾನ, ಭಾಂಡೆ ತಗೊಂಡ ಹೋಗಬೇಕು." ನಾನು ಒಳಗಿಂದ "ಬಂದೆ ರೀ" ಎಂದೆ. ಸೀರೆಗೆ ಹೇಳಿದ್ದು ಸಹ ನನಗೆ ತೀರಾ ಸಹಜವೆನಿಸಿತು. ಕಂಬಕ್ಕಿಂತ ಸೀರೆ ನನಗೆ ಹತ್ತಿರದ್ದು, ಮಾವನವರು ಸ್ವಲ್ಪ ಸಲಿಗೆ ಕೊಡುತ್ತಿದ್ದಾರೆ ಎಂದೇ ತಿಳಿದೆ.

ಅಂಗಡಿಯಲ್ಲೂ ಅವರ ಕೆಲಸ ನಿಲ್ಲಲಿಲ್ಲ. ಅರಿಸಿನದ ಕೊಂಬನ್ನು ಮುರಿದು ಸದ್ದು ಕೇಳುವರು, ಮೂಸುವರು, ಬೆರಳಲ್ಲಿ ಒತ್ತುವರು. ಮಾಲು ಹೇಗಿದೆ ಎಂದು ಸರಿಯಾಗಿಯೇ ಹೇಳುವರು. ಅಕ್ಕಪಕ್ಕದ ಅಡತಿಯವರು ಅವರ ಕಣ್ಣಿನ ಬಿಳುಪನ್ನು ನೋಡಿದ್ದರಂತೆ. ಮನೆಯವರಿಗೆ ಗೊತ್ತಿರುತ್ತದೆ, ನಾವು ಹೇಳಿ ಅವರಿಗೆ ನೋವು ಮಾಡುವುದೇಕೆ ಎಂದು ಸುಮ್ಮನಿದ್ದರಂತೆ. ಇನ್ನು ನನ್ನ ಗಂಡ ಹಗಲೆಲ್ಲ ತಂದೆಯ ಪಕ್ಕದ ಗಾದಿಯಲ್ಲೇ ಕೂರುವವರು. ಆದರೆ ತಂದೆಯ ಎದುರು ತಲೆ ಎತ್ತಿ ಮಾತಾಡಿದ ದಾಖಲೆ ಅವರದೂ ಇಲ್ಲ.

ಕೊಲ್ಹಾಪುರಕ್ಕೆ ಕೊಟ್ಟ ನನ್ನ ಮಗಳು ನಾಗರ ಪಂಚಮಿಗೆ ಬಂದಳು. ಅವಳಿಗೆ ಕನ್ನಡ ಪೂರಾ ತಿಳಿಯುತ್ತದೆ, ಬಾಯಿಂದ ಬರುವುದು ಮರಾಠಿ. ಅವಳೂ ಯಾರ ಮುಖವನ್ನೂ ನೋಡುವವಳಲ್ಲ, ಕಾರಣ ಬೇರೆ: ಅವಳ ಕಣ್ಣು ಫೋನಿನಲ್ಲಿರುತ್ತದೆ. ಈ ಸಲ ಅದೇ ನಮ್ಮನ್ನು ಉಳಿಸಿತು. ಅಜ್ಜನ ಭುಜಕ್ಕೆ ಭುಜ ಹಚ್ಚಿ ಕೂತು ಫೋಟೋ ತೆಗೆದುಕೊಂಡಳು. ಚೆನ್ನಾಗಿ ಬಂದಿದೆಯೋ ಎಂದು ಬೆರಳಿನಿಂದ ಹಿಗ್ಗಿಸಿ ತನ್ನ ಮುಖ ನೋಡಿದಳು, ಆಮೇಲೆ ಅಜ್ಜನದು. "ಆಯಿ, ಆಜ್ಜಾಚ್ಯಾ ಡೋಳ್ಯಾತ ಪಾಂಢರಂ ಕಾಯ ಆಹೆ?" ಅಂದಳು. ಅಜ್ಜನ ಕಣ್ಣೊಳಗೆ ಬೆಳ್ಳಗೆ ಏನು ಎಂದು. ನಾನು ಅಡುಗೆಮನೆಯಿಂದ ಬಂದು ಫೋನಿನಲ್ಲಿ ನೋಡಿದೆ. ಫೋನಿನಲ್ಲಿ ನೋಡಬಹುದು, ಅದೂ ಫೋಟೋ. ಎರಡೂ ಕಣ್ಣುಗಳ ಪಾಪೆಯಲ್ಲಿ ಹಾಲಿನ ಹನಿ ಬಿದ್ದು ಹೆಪ್ಪುಗಟ್ಟಿದಂತಿತ್ತು. ಅವರು ಅಲ್ಲೇ, ನನ್ನಿಂದ ಒಂದು ಮಾರು ದೂರದಲ್ಲಿ ಕೂತಿದ್ದರು.

ಮರುದಿನ ಮೀರಜಿಗೆ ಕಣ್ಣಿನ ಆಸ್ಪತ್ರೆಗೆ ಹೋದೆವು. ಡಾಕ್ಟರು ನನ್ನ ಮಗಳಿಗಿಂತ ಸ್ವಲ್ಪ ದೊಡ್ಡವಳಷ್ಟೇ. ಎಲ್ಲರ ಕಣ್ಣಿಗೂ ನೇರವಾಗಿ ದೀಪ ಹಿಡಿದು ನೋಡುವ ಹುಡುಗಿ. ಮಾವನವರನ್ನು ಬಹಳ ಹೊತ್ತು ನೋಡಿದಳು. ಪೊರೆ ಹಣ್ಣಾಗಿ ಒಳಗೆ ಒತ್ತಡ ಏರಿ ಎಡಗಣ್ಣಿನ ನರ ಒಣಗಿದೆ, ಅದರಲ್ಲಿ ಇನ್ನು ಬೆಳಕು ಬಾರದು, ತಡವಾಯಿತು ಎಂದಳು. ಬಲಗಣ್ಣಿಗೆ ಆಪರೇಷನ್ ಮಾಡಿ ನೋಡೋಣ ಎಂದಳು. ಆಮೇಲೆ ಮರಾಠಿಯಲ್ಲಿ ಕೇಳಿದಳು, ಇಷ್ಟು ಹಣ್ಣಾಗುವವರೆಗೆ ಮನೆಯಲ್ಲಿ ಯಾರೂ ನೋಡಲಿಲ್ಲವೇ? ಗಂಡ ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. ನೋಡಲಿಲ್ಲ ಎಂಬುದೇ ನಿಜವಾದ ಉತ್ತರವಾಗಿತ್ತು, ಆದರೆ ಅದನ್ನು ಆ ಹುಡುಗಿಗೆ ವಿವರಿಸುವುದು ಹೇಗೆ? ಮರ್ಯಾದೆ ಕೊಡುತ್ತಿದ್ದೆವು ಎಂದು ಹೇಳಲೇ?

ಯಾವಾಗಿನಿಂದ ಮಂಜಾಗಿದೆ ಎಂದು ಅವಳು ಮಾವನವರನ್ನೇ ಕೇಳಿದಳು. "ಸಾವಕಾಶ ಆತು" ಎಂದರು, ಕನ್ನಡದಲ್ಲೇ. ಗಂಡ ಮರಾಠಿಗೆ ತಿರುಗಿಸಿದರು. ಮಾವನವರು ಮತ್ತೆ ತಾವಾಗಿಯೇ ಅಂದರು, "ಅಂಗೈ ಮ್ಯಾಲಿನ ಲಿಂಗ ಕಾಣವಲ್ದು. ಕೈಗೆ ಭಾರ ಹತ್ತತೈತಿ, ಕಣ್ಣಿಗೆ ಕಾಣವಲ್ದು. ಅಷ್ಟ ಕಂಡ್ರ ಸಾಕು. ಬಾಕೀದು ಹೆಂಗರ ನಡೀತೈತಿ." ಇದನ್ನು ಗಂಡ ತಿರುಗಿಸಿ ಹೇಳಲಿಲ್ಲ. ಎದ್ದು ಕಿಟಕಿಯ ಹತ್ತಿರ ಹೋದರು. ಎಷ್ಟು ದಿನಗಳಿಂದ ಮಾವನವರು ಖಾಲಿ ಮಂಜನ್ನು ನೋಡುತ್ತ ಪೂಜೆ ಮಾಡಿದರೋ. ನನಗೆ ಅಲ್ಲೇ ಅಳು ಬಂತು, ನಾಚಿಕೆಯೂ ಆಯಿತು.

ಆಪರೇಷನ್ ಸುಸೂತ್ರವಾಯಿತು. ಕಷ್ಟ ಶುರುವಾದದ್ದು ಮನೆಗೆ ಬಂದ ಮೇಲೆ, ಹನಿ ಔಷಧದಿಂದ. ಹಗಲೆಲ್ಲ ಹೊತ್ತು ಹೊತ್ತಿಗೆ ಬೇರೆ ಬೇರೆ ಬಾಟಲಿಯಿಂದ ಹಾಕಬೇಕು. ತಾವೇ ಹಾಕಿಕೊಳ್ಳಲು ಅವರ ಕೈ ನಡುಗುತ್ತದೆ. ನನ್ನ ಗಂಡ ಈ ಕೆಲಸಕ್ಕೆ ಅಲ್ಲ. ಆಸ್ಪತ್ರೆಯ ಟೀವಿಯಲ್ಲಿ ಕಣ್ಣಿನ ಆಪರೇಷನ್ ತೋರಿಸುತ್ತಿದ್ದುದನ್ನು ನೋಡಿ ತಲೆ ತಿರುಗಿ ಬೆಂಚಿನ ಮೇಲೆ ಮಲಗಿದವರು ಅವರು. ಆಪರೇಷನ್ ಆಗಬೇಕಾದವರೇ ಎದ್ದು ಅವರಿಗೆ ನೀರು ತರಿಸಿದರು. ಮಗಳು ಕೊಲ್ಹಾಪುರಕ್ಕೆ ಹೊರಟುಹೋದಳು. ಉಳಿದವಳು ನಾನು.

ಕೆಳಗಿನ ರೆಪ್ಪೆ ಎಳೆದು, ಕಣ್ಣು ನೋಡಿ, ಒಂದು ಹನಿ ಬಿಡಬೇಕು ಎಂದು ನರ್ಸ್ ತೋರಿಸಿಕೊಟ್ಟಿದ್ದಳು. ಮೊದಲ ದಿನ ಮಾವನವರು ಮಂಚದ ಮೇಲೆ ಅಂಗಾತ ಮಲಗಿದರು. ನಾನು ಬಾಟಲಿ ಹಿಡಿದು ಬಗ್ಗಿದೆ. ಸೊಸೆಯ ಮುಖ ಅಷ್ಟು ಹತ್ತಿರ ಬಂದದ್ದಕ್ಕೆ ಅವರು ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡರು. ಅವರ ಮುಖಕ್ಕೆ ಬಗ್ಗಿದ್ದಕ್ಕೆ ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ಇಬ್ಬರೂ ಇಷ್ಟು ಸಭ್ಯರಾದ ಮೇಲೆ ಹನಿ ತನಗೆ ತಿಳಿದ ಕಡೆ ಬಿತ್ತು. "ಬಿತ್ತು" ಎಂದು ಅವರು ಕಂಬಕ್ಕೆ ಹೇಳಿದರು. "ಬಿತ್ರಿ" ಎಂದು ನಾನು ಕ್ಯಾಲೆಂಡರಿಗೆ ಹೇಳಿದೆ. ಅವರು ಟವೆಲಿನಿಂದ ಕೆನ್ನೆ ಒರೆಸಿಕೊಂಡರು.

ಹೀಗೆಯೇ ನಡೆಯಿತು. ಕೆಲವು ಹನಿ ಮೂಗಿನ ಪಕ್ಕಕ್ಕೆ, ಕೆಲವು ಮೀಸೆಗೆ. ಮೀಸೆಗೆ ಅಷ್ಟು ಒಳ್ಳೆಯ ಔಷಧ ಸಾಂಗ್ಲಿಯಲ್ಲಿ ಬೇರೆ ಯಾರಿಗೂ ಸಿಕ್ಕಿರಲಾರದು. ರಾತ್ರಿ ಊಟಕ್ಕೆ ಕೂತಾಗ ಗಂಡ ಕೇಳುವರು, "ಔಷಧ ಹಾಕಿದ್ರೇನು?" ಹಾಕಿದೆ ಎಂದು ನಾನು, ಹಾಕ್ಯಾಳ ಎಂದು ಕಂಬದ ಕಡೆ ಮಾವನವರು. ಸುಳ್ಳು ಹೇಳುತ್ತಿದ್ದೇವೆ ಎಂದು ಇಬ್ಬರಿಗೂ ಅನಿಸಲಿಲ್ಲ. ಹಾಕುವುದಂತೂ ಹಾಕಿದ್ದೆ.

ವಾರದ ತಪಾಸಣೆಗೆ ಹೋದಾಗ ಕಣ್ಣು ಕೆಂಪಗೆ ಊದಿತ್ತು. ಡಾಕ್ಟರು ದೀಪ ಹಿಡಿದು ನೋಡಿ, ಔಷಧ ಕಣ್ಣಿಗೆ ಹೋಗಿಯೇ ಇಲ್ಲ ಎಂದಳು. ನನ್ನ ಎದುರೇ ಹಾಕಿ ತೋರಿಸಿ ಎಂದು ಬಾಟಲಿ ಕೊಟ್ಟಳು. ನಾನು ಬಗ್ಗಿದೆ. ಮಾವನವರು ಕಣ್ಣು ಮುಚ್ಚಿದರು. ಆಸ್ಪತ್ರೆಯ ಗೋಡೆಯ ಮೇಲೆ ಕ್ಯಾಲೆಂಡರ್ ಇರಲಿಲ್ಲ, ಫ್ಯಾನ್ ನೋಡಿದೆ. ಹನಿ ಅವರ ಕಿವಿಯೊಳಗೆ ಬಿತ್ತು.

ಡಾಕ್ಟರು ಹತ್ತಿಯಿಂದ ಅವರ ಕಿವಿ ಒರೆಸಿದಳು. ಆಮೇಲೆ ದನಿ ಏರಿಸದೆ ಹೇಳಿದಳು: ಹೀಗೇ ಇನ್ನೊಂದು ವಾರ ಹೋದರೆ ಈ ಕಣ್ಣೂ ಹೋಗುತ್ತದೆ. ಇದು ಹೋದರೆ ಅಜ್ಜನಿಗೆ ಇನ್ನೊಂದು ಇಲ್ಲ.

ಮೀರಜಿನಿಂದ ಸಾಂಗ್ಲಿಯವರೆಗೆ ರಿಕ್ಷಾದಲ್ಲಿ ಮೂವರೂ ಹೊರಗೆ ನೋಡುತ್ತ ಬಂದೆವು. ಗಂಡ ನಮ್ಮನ್ನು ಮನೆಯ ಮುಂದೆ ಇಳಿಸಿ ಅಂಗಡಿಗೆ ಹೋದರು. ನಾನು ಅಡುಗೆಮನೆಗೆ ಹೋಗಿ ಒಲೆ ಹಚ್ಚಿದೆ, ಯಾಕೆಂದು ಗೊತ್ತಿಲ್ಲ, ಮಾಡುವುದೇನೂ ಇರಲಿಲ್ಲ. ಪಡಸಾಲೆಯಿಂದ ದನಿ ಬಂತು.

"ಯವ್ವಾ, ಇಲ್ಲಿ ಬಾ."

ನಾನು ಒಲೆ ಆರಿಸಿ ಬಂದು ಕಂಬದ ಹತ್ತಿರ ನಿಂತೆ.

"ಕಂಬಕ್ಕಲ್ಲ, ನಿನಗ ಹೇಳಾಕತ್ತೇನಿ. ಹತ್ರ ಬಾ."

ಹೋದೆ.

"ನನಗ ನಾಚ್ಕಿ ಆಗೇತಿ, ನಿನಗೂ ಆಗೇತಿ. ಇಬ್ರದೂ ನಾಚ್ಕಿ ಕೂಡಿ ನನ್ನ ಕಣ್ಣ ತಿನ್ನಾಕತ್ತೇತಿ. ನಾ ಕಣ್ಣ ತಗದಿಡ್ತೇನಿ. ನೀ ಅದರಾಗ ನೋಡು. ಸವಾಲಿನ್ಯಾಗ ಗಿರಾಕೀನ ನೋಡಿದಂಗ ನೋಡು."

ನಾನು ಸವಾಲಿಗೆ ಎಂದೂ ಹೋದವಳಲ್ಲ. ಆದರೂ ಎಡಗೈಯಿಂದ ಅವರ ರೆಪ್ಪೆ ಎಳೆದೆ. ಸೆರಗು ಜಾರಿತು, ಹಿಡಿದುಕೊಳ್ಳಲು ಮೂರನೆಯ ಕೈ ಇರಲಿಲ್ಲ, ಬಿಟ್ಟೆ. ನೋಡಿದೆ.

ಕಣ್ಣು ಕೆಂಪಾಗಿತ್ತು, ನೀರಾಡುತ್ತಿತ್ತು. ಅಂಚಿನಲ್ಲಿ ಬೂದಿ ಬಣ್ಣದ ಬಳೆ. ಪಾಪೆಯ ಸುತ್ತ ಜೇನಿನ ಬಣ್ಣ, ನನ್ನ ಗಂಡನದೇ ಬಣ್ಣ, ನನ್ನ ಮಗಳದೂ. ಇದು ನನಗೆ ಗೊತ್ತೇ ಇರಲಿಲ್ಲ. ಮತ್ತೊಂದು ಸಂಗತಿಯೂ ಗೊತ್ತಿರಲಿಲ್ಲ: ಆ ಕಣ್ಣು ಹೆದರಿತ್ತು. ಸೊಸೆಯಾಗಿ ಬಂದ ದಿನದಿಂದ ಯಾರ ನೋಟದಿಂದ ನಾನು ತಪ್ಪಿಸಿಕೊಂಡು ಓಡಾಡಿದೆನೋ, ಅವರು ಕತ್ತಲೆಗೆ ಹೆದರಿದ ಒಬ್ಬ ಮುದುಕರಾಗಿದ್ದರು. ಇಷ್ಟು ತಿಳಿಯಲು ಬಗ್ಗಿ ನೋಡಿದ್ದರೆ ಸಾಕಿತ್ತು. ನನಗೆ ಅವರ ಮೇಲೆ ಬಹಳ ಪ್ರೀತಿ ಬಂತು. ಹನಿ ಬಿಟ್ಟೆ.

ಅವರು ಬೆಚ್ಚಿದರು. "ತಣ್ಣಗ ಐತಿ" ಎಂದರು. "ಇಷ್ಟ ದಿನ ತಣ್ಣಗ ಹತ್ತಿದ್ದಿಲ್ಲ."

ಅಂದಿನಿಂದ ಹನಿ ದಾರಿ ತಪ್ಪಲಿಲ್ಲ. ಔಷಧ ಹಾಕಿದ ಮೇಲೆ ಸ್ವಲ್ಪ ಹೊತ್ತು ಅಲುಗಾಡದೆ ಮಲಗಬೇಕು, ನಾನೂ ಮುಂದಿನ ಬಾಟಲಿಗೆ ಕಾಯುತ್ತ ಪಕ್ಕದಲ್ಲಿ ನಿಲ್ಲಬೇಕು. ಸುಮ್ಮನೆ ನಿಂತರೆ ಮತ್ತೆ ನಾಚಿಕೆ. ಹಾಗಾಗಿ ಮಾತು ಶುರುವಾಯಿತು. ಟವೆಲ್ ಕೆಳಗಿನ ಬೆರಳುಗಳ ಕತೆಯನ್ನು ಅವರ ಬಾಯಿಂದಲೇ ಕೇಳಿದೆ. ಯಾರು ಕಣ್ಣು ಮಿಟುಕಿಸದೆ ಸುಳ್ಳು ಹೇಳುತ್ತಿದ್ದರು, ಯಾರು ಏರುವ ಮುಂಚೆ ಮೂಗು ಕೆರೆದುಕೊಳ್ಳುತ್ತಿದ್ದರು, ಎಲ್ಲ. ನೀವು ಯಾರ ಕಣ್ಣಿಗೂ ಸೋತಿಲ್ಲವೇ ಎಂದು ಒಂದು ದಿನ ಕೇಳಿದೆ. "ನಿಮ್ಮತ್ತೀ ಕಣ್ಣಿಗೆ" ಎಂದರು. ನಾನು ನಕ್ಕೆ. ಮಾವನವರ ಎದುರು ನಕ್ಕದ್ದು ಅದೇ ಮೊದಲು, ಬಾಯಿಗೆ ಸೆರಗು ಅಡ್ಡ ಹಿಡಿಯುವುದು ಮರೆತಿತ್ತು. ಆಗೆಲ್ಲ ಅವರಿಗೆ ನಾನು ಮಂಜಿನೊಳಗಿನ ಒಂದು ಆಕಾರ ಅಷ್ಟೇ, ಅದು ನನಗೆ ಧೈರ್ಯ ಕೊಟ್ಟಿತ್ತು.

ಊತ ಇಳಿಯಿತು. ಕೆಂಪು ಹೋಯಿತು. ಮಂಜು ತೆಳುವಾಗುತ್ತ ಬಂತು. ಡಾಕ್ಟರು ಕಡೆಗೆ ಚಷ್ಮಾ ಬರೆದುಕೊಟ್ಟಳು. ಬೇರೆ ಬಾಟಲಿಗಳು ನಿಂತು ಒಂದೇ ಒಂದು ಉಳಿಯಿತು, ಬೆಳಿಗ್ಗೆ ಪೂಜೆಯಾದ ಮೇಲೆ ಹಾಕುವುದು.

ಚಷ್ಮಾ ಬಂದ ಮರುದಿನ ಮಾವನವರು ಎಂದಿಗಿಂತ ಬೇಗ ಸ್ನಾನ ಮಾಡಿದರು. ಗಂಡ ಅಂಗಡಿಗೆ ಹೋಗದೆ ಬಾಗಿಲಲ್ಲಿ ಚಪ್ಪಲಿ ಹಾಕುವ, ಬಿಡುವ ಕೆಲಸ ಮಾಡುತ್ತ ನಿಂತರು. ಮಾವನವರು ಮಣೆಯ ಮೇಲೆ ಕೂತು ಅಂಗೈ ಮೇಲೆ ಲಿಂಗ ಇಟ್ಟುಕೊಂಡರು. ನಾನು ಕಂಬಕ್ಕೆ ಒರಗಿ ನೋಡಿದೆ, ನೆಟ್ಟಗೆ, ಅವರ ಮುಖವನ್ನೇ. ಅತ್ತೆ ಹೇಳಿದ್ದು ನಿಜ, ರೆಪ್ಪೆ ಬಡಿಯುವುದಿಲ್ಲ. ತುಂಬ ಹೊತ್ತು ಹಾಗೇ ಇದ್ದರು. ಚಹಾ ಆರಿತು, ಮತ್ತೆ ಕಾಯಿಸಿದೆ, ಮತ್ತೆ ಆರಿತು. "ಕಾಣತೈತೇನ್ರಿ ಅಪ್ಪಾ?" ಎಂದು ಗಂಡ ಕೇಳಿದರು. ಮಾವನವರು ತಲೆ ಆಡಿಸಿದರು. ಗಂಡ ಈ ಸಲ ಚಪ್ಪಲಿ ಸರಿಯಾಗಿ ಹಾಕಿಕೊಂಡು ಹೊರಟರು. ಬೀದಿಯ ತಿರುವಿನಲ್ಲಿ ನಿಂತು ಮುಖ ಒರೆಸಿಕೊಂಡದ್ದು ಕಿಟಕಿಯಿಂದ ಕಂಡಿತು.

ಪೂಜೆ ಮುಗಿಸಿ ಅವರು ಮಂಚಕ್ಕೆ ಬಂದರು. ನಾನು ಔಷಧ ಹಾಕಲು ಚಷ್ಮಾ ತೆಗೆಯಬೇಕು, ಅದಕ್ಕೆ ಕೈ ಚಾಚಿ ಬಗ್ಗಿದೆ. ಸೆರಗು ಎಂದಿನಂತೆ ಜಾರಿತು. ಅವರು ನನ್ನ ಕೈಯನ್ನು ಹಾಗೇ ತಡೆದರು. ನನ್ನನ್ನು ನೋಡಿದರು. ಹೆಣ್ಣು ನೋಡಲು ಬಂದ ದಿನ ನೋಡಿದ ಮೇಲೆ ಈಗ ನೋಡಿದರು, ಈ ಸಲ ಬೇಗ ಮುಗಿಸಲಿಲ್ಲ.

"ಯವ್ವಾ, ನಿನ್ನ ತಲಿ ಬೆಳ್ಳಗಾಗೇತಿ."

"ಹೂಂ ರೀ."

"ಯಾವಾಗ ಆತಿದು?"

"ಸಾವಕಾಶ ಆತ್ರಿ" ಎಂದೆ.

ಅವರು ತಾವೇ ಚಷ್ಮಾ ತೆಗೆದು ಹೆಗಲ ಮೇಲಿನ ಟವೆಲ್ಲಿಗೆ ಕೈ ಹಾಕಿದರು.

"ಒರಸ್ಕೋಬ್ಯಾಡ್ರಿ, ಮಾವಾರ. ಡಾಕ್ಟರು ಕಣ್ಣ ಮುಟ್ಟಬ್ಯಾಡ್ರಿ ಅಂದಾರ."

ಅವರು ಕೈ ಕೆಳಗಿಳಿಸಿದರು. ಕಣ್ಣೀರು ನಿಲ್ಲುವವರೆಗೆ ಔಷಧ ಹಾಕುವಂತಿರಲಿಲ್ಲ. ನಾನು ಬಾಟಲಿ ಹಿಡಿದುಕೊಂಡು ಅವರನ್ನೇ ನೋಡುತ್ತ ನಿಂತೆ.